ಸುಂಕ ಮತ್ತು ಸುಂಕು

ಸಾಲಗುಂದದಲ್ಲಿ ಯಾರ ಮನೆ ಮುಂದೆ ಹೊಸ ಗಾಡಿ ನಿಂತರೂ ಜನ ಮೈಲೇಜು ಕೇಳುವುದಿಲ್ಲ. ‘ಎಷ್ಟ್ ಎಚ್‌ಪಿ?’ ಎನ್ನುತ್ತಾರೆ. ಇದು ಟ್ರ್ಯಾಕ್ಟರಿನ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರೆ ಹೊಲಕ್ಕೆ ಹರಿದ ಮೇಲೆ ಜೋಳದ ಸಿಂಧನೂರು ನೆಲ್ಲಿನ ಸಿಂಧನೂರಾಯಿತು. ಎತ್ತಿನ ಹೆಸರು ಬಲ್ಲವರ ಮಕ್ಕಳು ಟ್ರ್ಯಾಕ್ಟರಿನ ಮಾಡೆಲ್ ನಂಬರು ಬಲ್ಲವರಾದರು. ನನ್ನ ಹೊಸ ಕಾರನ್ನು ಕಟ್ಟೆಯ ಮುಂದೆ ನಿಲ್ಲಿಸಿದಾಗ ನಾನು ಎದೆಯುಬ್ಬಿಸಿ ಹೇಳಿದೆ: ‘ನೂರಾ ಇಪ್ಪತ್ತು.’

ಕಟ್ಟೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ನಮ್ಮಪ್ಪ, ಯಾರನ್ನೂ ನೋಡದೆ, ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ. ‘ನಮ್ಮ ಟ್ರ್ಯಾಕ್ಟರ್ ಐವತ್ತು ಎಚ್‌ಪಿ. ಎಪ್ಪತ್ತೈದು ಕೇಜಿ ಚೀಲ, ಎಂಬತ್ತು ಎಳಿತೈತಿ. ಇದು ನೂರಾ ಇಪ್ಪತ್ತಲ್ಲ? ಎಷ್ಟ್ ಚೀಲ ಎಳಿತೈತಿ?’

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವರ್ಷ ಹಿಡಿಯಿತು.

ಕಾರಿನ ಕಂಪನಿಯ ಹೆಸರು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತು, ಬೈದರೆ ಫಿರ್ಯಾದು. ಜಾತಿ ಮಾತ್ರ ಹೇಳಬಹುದು. ಜೀಪಿನ ಎದೆ, ಚಿಕ್ಕ ಕಾರಿನ ಸೊಂಟ, ಮೋಟರ್‌ಬೈಕಿನ ಸೊಕ್ಕು. ಮಾರುವ ಹುಡುಗ ಇದಕ್ಕೆ ‘ಸ್ಪೋರ್ಟಿ ಕಾಂಪ್ಯಾಕ್ಟ್ ಕ್ರಾಸ್‌ಓವರ್, ಸರ್’ ಎಂದ. ಬಂಪರಿನ ಕೆಳಗೆ ಕೆಂಪು ಗೆರೆ, ಹಿಂದೆ ಜೋಡಿ ಸೈಲೆನ್ಸರ್ ಕೊಳವೆ, ಚಕ್ರದ ಸಂದಿಯಲ್ಲಿ ಇಣುಕುವ ಕೆಂಪು ಬ್ರೇಕ್ ಕ್ಯಾಲಿಪರ್. ಅಪ್ಪ ಬಗ್ಗಿ ನೋಡಿ, ‘ಬ್ರೇಕಿಗೆ ಅವ್ರೇ ಕುಂಕುಮ ಹಚ್ಚಿ ಕಳಿಸ್ಯಾರ’ ಎಂದ. ಆಮೇಲೆ ತನ್ನ ಮಾರಿನಿಂದ ಅಳೆದ. ಎರಡು ಮಾರು, ಮೇಲೆ ಒಂದೂವರೆ ಗೇಣು. ದನದ ಕೊಟ್ಟಿಗೆಯಲ್ಲಿ ಹಿಡಿಯುತ್ತದೆ ಎಂದು ತೀರ್ಮಾನವಾಯಿತು.

ಅಪ್ಪನ ಆ ಅಳತೆ ದಿಲ್ಲಿಯಲ್ಲಿ ನಿಗದಿಯಾದದ್ದು. 2006ರ ಬಜೆಟ್ಟಿನಲ್ಲಿ ಚಿದಂಬರಂ ಅವರು ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಚಿಕ್ಕದು ಅಂದರೆ ಉದ್ದ 4,000 ಮಿಲಿಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಾದರೆ 1,200 ಸಿಸಿ, ಡೀಸೆಲ್ಲಾದರೆ 1,500 ಸಿಸಿ ಒಳಗಿರಬೇಕು. ಅಲ್ಲಿಂದ ಈ ದೇಶದ ಕಾರುಗಳ ಬೆನ್ನು ಮೊಂಡಾಯಿತು. ಒಂದು ಕಂಪನಿಯಂತೂ ತನ್ನ ಸೆಡಾನಿನ ಡಿಕ್ಕಿಯನ್ನೇ ಕತ್ತರಿಸಿ ನಾಲ್ಕು ಮೀಟರಿನೊಳಗೆ ತುರುಕಿತು. 2013ರಲ್ಲಿ ಇಕೋಸ್ಪೋರ್ಟ್ ಬಂತು, 2016ರಲ್ಲಿ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ, 2023ರಲ್ಲಿ ಫ್ರಾಂಕ್ಸ್. ಇವುಗಳ ಉದ್ದ ಬರೆದು ನೋಡಿದರೆ ನಗು ಬರುತ್ತದೆ: 3,993, 3,995, 3,998. ಸುಂಕದ ಕಟ್ಟೆಯ ಮುಂದೆ ಹೊಟ್ಟೆ ಒಳಗೆ ಎಳೆದುಕೊಂಡು ನಿಂತ ಗಂಡಸರ ಸಾಲಿನಂತೆ ಕಾಣುತ್ತದೆ.

ಡೀಸೆಲ್ ಬಿಟ್ಟು ಪೆಟ್ರೋಲ್ ಆರಿಸಿದ್ದಕ್ಕೆ ಅಪ್ಪನಿಗೆ ಇವತ್ತಿಗೂ ಅಸಮಾಧಾನವಿದೆ. ಕೊಟ್ಟಿಗೆಯಲ್ಲಿ ಡೀಸೆಲ್ ಡ್ರಮ್ಮೇ ಇರುವಾಗ ಮಗ ಪೆಟ್ರೋಲ್ ಬಂಕಿನಲ್ಲಿ ಸಾಲು ನಿಲ್ಲುವುದೆಂದರೇನು? ಆದರೆ 2020ರ ಏಪ್ರಿಲ್‌ನಿಂದ ಬಿಎಸ್ ಆರು ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಳಿಗೆಯೊಂದು ಕೂತಿದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಒಂದಿಷ್ಟು ಹೊತ್ತು ತಡೆಯಿಲ್ಲದೆ ಓಡಬೇಕು. ಊರಿಂದ ಸಿಂಧನೂರಿಗೆ ಹೋಗಿ ಪಾಠ ಹೇಳಿ, ಕಿರಾಣಿ ಹಾಕಿಕೊಂಡು ತಿರುಗಿ ಬರುವ ನನ್ನಂಥವನಿಗೆ ತಡೆಯಿಲ್ಲದ ರಸ್ತೆ ಎಲ್ಲಿ ಸಿಗಬೇಕು? ಮುಂದೆ ಕಬ್ಬಿಣದ ಚಕ್ರ ತೊಟ್ಟ ಟ್ರ್ಯಾಕ್ಟರ್, ಅದರ ಮುಂದೆ ಹಾರ್ವೆಸ್ಟರ್, ಎಲ್ಲಕ್ಕೂ ಮುಂದೆ ಕುರಿ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥೆನಾಲ್. ಅದನ್ನು ಕಬ್ಬಿನಿಂದ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದಲೂ ತೆಗೆಯುತ್ತಾರೆ ಎಂದು ಅಪ್ಪನಿಗೆ ಸಮಾಧಾನ ಹೇಳಲು ಹೋದೆ. ‘ಹಂಗಾರ ನಮ್ಮ ನುಚ್ಚು ನಮಗ ಲೀಟರ್ ಲೆಕ್ಕದಾಗ ಮಾರ್ತಾರು’ ಎಂದ.

ಮುಂಗಡ ಕೊಟ್ಟದ್ದು 2024ರ ಜುಲೈನಲ್ಲಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೇ ಕ್ರೆಸ್ಟ್‌ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ಮರುದಿನ ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ. 1953ರಲ್ಲಿ ನೀರು ನಿಂತ ಅಣೆ ಅದು. ಕಟ್ಟೆಯ ಮುದುಕರು ಅದರ ವಯಸ್ಸನ್ನು ತಮ್ಮ ವಯಸ್ಸಿನ ಜೊತೆಗೇ ಲೆಕ್ಕ ಹಾಕುತ್ತಾರೆ. ಅಪ್ಪ ನನ್ನ ಕಾರಿನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾರದೊಳಗೆ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆ ಇಳಿಸಿ ಮುಚ್ಚಿದರು. ಸೆಪ್ಟೆಂಬರಿನಲ್ಲಿ ಮಲೆನಾಡಿನ ಮಳೆ ಜಲಾಶಯವನ್ನು ಮತ್ತೆ ತುಂಬಿಸಿತು. ದಸರೆಗೆ ಕಾರು ಮನೆಗೆ ಬಂತು. ನನ್ನ ಟರ್ಬೊ ಎಂಜಿನ್ನು ಆ ವರ್ಷ ಹೊರಟದ್ದು ಹೊಸಪೇಟೆಯ ನೀರಿನ ಮೇಲೆ ಎಂದು ಷೋರೂಮಿನವರಿಗೆ ಗೊತ್ತಿರಲಾರದು.

ಬಂದದ್ದೇನೋ ಬಂತು, ಸುಂಕ ತೆತ್ತು ಬಂತು. ಆಗ ನಾಲ್ಕು ಮೀಟರಿನೊಳಗಿನ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ 28, ಮೇಲೆ ಸೆಸ್ ಒಂದು. ಹತ್ತು ಲಕ್ಷ ದಾಟಿದ್ದಕ್ಕೆ ಕರ್ನಾಟಕದ ಜೀವಾವಧಿ ತೆರಿಗೆ ಶೇಕಡಾ 17, ಆ ತೆರಿಗೆಯ ಮೇಲೂ ಮತ್ತೊಂದು ಸೆಸ್. ಕೆಎ 36 ಎಂಬ ನಾಲ್ಕಕ್ಷರ ಬರೆಸಲು ಕೊಟ್ಟ ದುಡ್ಡಿನಲ್ಲಿ ಒಂದು ಜೋಡಿ ಒಳ್ಳೆ ಎತ್ತು ಬರುತ್ತಿದ್ದವು. ವರ್ಷ ತುಂಬುವುದರೊಳಗೆ, 2025ರ ಸೆಪ್ಟೆಂಬರ್ 22ಕ್ಕೆ, ಇದೇ ಗಾಡಿಯ ಜಿಎಸ್‌ಟಿ 18ಕ್ಕೆ ಇಳಿಯಿತು. ಅದೇ ದಿನ ಟ್ರ್ಯಾಕ್ಟರಿನದು 12ರಿಂದ 5ಕ್ಕೆ ಇಳಿಯಿತು ಎಂಬುದನ್ನು ಪತ್ರಿಕೆ ಹಿಡಿದು ನನಗೆ ಓದಿ ಹೇಳಿದವನು ಅಪ್ಪನೇ. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ಆ ಚಳಿಗಾಲದಲ್ಲಿ ಗೊತ್ತಾದಾಗ ಮಾತ್ರ ಕಂತಿನ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ವೇಗ ನೋಡಬೇಕೆಂದು ಒಂದು ಭಾನುವಾರ ನಸುಕಿನಲ್ಲಿ ಮಸ್ಕಿ ರಸ್ತೆ ಹಿಡಿದೆ. 1915ರಲ್ಲಿ ಬಂಗಾರದ ಗಣಿಗಾರಿಕೆಗೆಂದು ಈ ಕಡೆ ಬಂದಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತಂತೆ. ನನಗೂ ಹುಡುಕಿದ್ದು ಸಿಗಲಿಲ್ಲ. ಸ್ಪೋರ್ಟ್ ಮೋಡ್ ಒತ್ತಿ, ಸೂಜಿ ನೂರು ಮುಟ್ಟುವಷ್ಟರಲ್ಲಿ ರಸ್ತೆಯ ಅರ್ಧಕ್ಕೆ ನೆಲ್ಲು ಒಣಹಾಕಿದ್ದರು. ಸುತ್ತಲೂ ಕಲ್ಲಿಟ್ಟು, ಮಧ್ಯೆ ಒಬ್ಬ ಅಜ್ಜಿ ಕಾಲಿನಿಂದ ಗೆರೆ ಎಳೆಯುತ್ತಾ ಹರಡುತ್ತಿದ್ದಳು. ಬ್ರೇಕು ಚೆನ್ನಾಗಿವೆ ಎಂಬುದು ಖಾತ್ರಿಯಾಯಿತು.

ಟ್ಯೂನಿಂಗ್ ಎಂಬ ಹುಚ್ಚು ಹತ್ತಿಸಿದವನು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ತಿದ್ದಿ ಬರೆದರೆ ಇನ್ನೂ ಇಪ್ಪತ್ತೈದು ಕುದುರೆ ಏಳುತ್ತವೆ ಎಂದ. ವಾರಂಟಿ ಸಾಯುತ್ತದೆ ಎಂಬುದನ್ನು ಅವನು ಮೆಲ್ಲಗೆ ಹೇಳಿದ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ತಿದ್ದುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಾನೇ ಓದಿ ತಿಳಿದೆ. ಲ್ಯಾಪ್‌ಟಾಪ್ ಬೇಡವೆಂದೆ. ಆದರೂ ಕೈ ಸುಮ್ಮನಿರಬೇಕಲ್ಲ? ಹದಿನಾರು ಇಂಚಿನ ಚಕ್ರ ತೆಗೆದು ಹದಿನೇಳರದು ಹಾಕಿಸಿದೆ. ಚಕ್ರ ದೊಡ್ಡದಾದಷ್ಟೂ ರಬ್ಬರಿನ ಕೆನ್ನೆ ತೆಳುವಾಗುತ್ತದೆ, ಒಂದು ಸೆಂಟಿಮೀಟರ್ ಅಷ್ಟೇ. ಆ ಸೆಂಟಿಮೀಟರಿನ ಬೆಲೆ ಮೂರನೇ ವಾರಕ್ಕೆ ತಿಳಿಯಿತು. ಕಾಲುವೆಯ ಕಿರುಸೇತುವೆಯ ಅಂಚು ಬಡಿದು ಅಲಾಯ್ ರಿಮ್ಮು ಹೋಳಿಗೆಯ ಅಂಚಿನಂತೆ ಮಡಿಚಿಕೊಂಡಿತು. ಹಳೇ ಚಕ್ರ ಮರಳಿದವು. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ 33 ಪಿಎಸ್‌ಐ ಗಾಳಿ ನೋಡುವುದು ಈಗಿನ ರೂಢಿ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಓಡಿಸಿ ನಿಲ್ಲಿಸಿದ ಮೇಲೆ ನೋಡಿದರೆ ಮೀಟರು ಬೇರೆಯೇ ಹೇಳುತ್ತದೆ. ನಾನು ಪಂಪು ಹಿಡಿದು ಕೂತಾಗಲೆಲ್ಲ ಅಪ್ಪ, ‘ಹಿಂದಿನ ಗಾಲಿಗೆ ನೀರು ತುಂಬ್ಸು, ಜಿಗಿಯಂಗಿಲ್ಲ’ ಎನ್ನುತ್ತಾನೆ. ಟ್ರ್ಯಾಕ್ಟರಿಗೆ ತುಂಬಿಸುತ್ತಾರಲ್ಲ, ಭಾರಕ್ಕೆ.

ನಾನು ಮಾಡಿದ ಇನ್ನೊಂದು ಘನಕಾರ್ಯವೆಂದರೆ ಗಾಳಿ ಹೆಚ್ಚು ಬಿಡುವ ಶಂಕುವಿನಾಕಾರದ ಏರ್ ಫಿಲ್ಟರು. ಎಂಜಿನ್ನು ಉಸಿರೆಳೆದುಕೊಳ್ಳುವ ಸದ್ದು ಕೇಳಿ ಹದಿನೈದು ದಿನ ಸುಖಪಟ್ಟೆ. ಅಷ್ಟರಲ್ಲಿ ಕಾರ್ತಿಕ ಬಂತು, ಕೊಯ್ಲು ಶುರುವಾಯಿತು. ಹಾರ್ವೆಸ್ಟರು ಹೊಲದಲ್ಲಿ ಇಳಿದ ದಿನ ನಮ್ಮ ಸೀಮೆಯ ಗಾಳಿ ಗಾಳಿಯಾಗಿ ಉಳಿಯುವುದಿಲ್ಲ. ಹೊಟ್ಟು, ಎರೆಯ ಧೂಳು, ಎಲ್ಲಕ್ಕಿಂತ ಮಿಗಿಲಾಗಿ ನೆಲ್ಲಿನ ಸುಂಕು. ಕಣ್ಣಿಗೆ ಕಾಣದ ಮುಳ್ಳು ಅದು. ಅಂಗಿಯೊಳಗೆ ಹೊಕ್ಕರೆ ಸ್ನಾನ ಮಾಡುವವರೆಗೆ ಬಿಡುವುದಿಲ್ಲ. ಸರಕಾರದ ಸುಂಕವನ್ನು ಒಮ್ಮೆ ಕಟ್ಟಿದರೆ ಮುಗಿಯಿತು, ಹೊಲದ ಸುಂಕನ್ನು ವರ್ಷಕ್ಕೆ ಎರಡು ಸಲ ಕಟ್ಟಬೇಕು. ಸಿಂಧನೂರಿನ ಮೇಸ್ತ್ರಿ ಶಂಕುವನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಏನೂ ಅನ್ನದೆ ನನ್ನ ಕೈಗಿಟ್ಟ. ಒಳಗೋಡೆಗೆ ಸಣ್ಣ ಧೂಳು ಮೆತ್ತಿತ್ತು. ಟರ್ಬೊದ ರೆಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಆ ವೇಗದಲ್ಲಿ ಮಣ್ಣಿನ ಕಣ ಮಣ್ಣಾಗಿರುವುದಿಲ್ಲ, ಉಪ್ಪುಕಾಗದವಾಗುತ್ತದೆ. ಕಂಪನಿಯ ಕಾಗದದ ಫಿಲ್ಟರನ್ನೇ ಮತ್ತೆ ಕೂರಿಸಿದೆವು. ಪುಸ್ತಕ ಹೇಳುವುದಕ್ಕಿಂತ ಅರ್ಧ ಅವಧಿಗೇ ಅದನ್ನು ಬದಲಿಸುತ್ತೇನೆ, ಎಸಿಯದನ್ನೂ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದಿಲ್ಲ. ಹೊಟ್ಟೆಯಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಾದಿರುವಾಗ ಒಂದು ಹಿಡಿ ಹುಲ್ಲು ಸಾಕು.

ಆ ಮೇಸ್ತ್ರಿ ಹೇಳಿಕೊಟ್ಟ ಇನ್ನೊಂದು ಮಾತು ಯಾವ ಕೈಪಿಡಿಯಲ್ಲೂ ಇಷ್ಟು ಚೆನ್ನಾಗಿಲ್ಲ. ‘ಹಲಗಿ ಕಾಸದ ಬಡಿತೀರೇನ್ರಿ?’ ಎಂದ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ತುಳಿಯಬೇಡ, ಎಣ್ಣೆ ಕಾಯಲಿ; ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಸುಮ್ಮನೆ ಉರಿಯಲು ಬಿಡು, ಟರ್ಬೊ ಆರಲಿ. ಒಂದು ನಿಮಿಷ ಕಾರಿನಲ್ಲೇ ಕೂತಿರುವ ನನ್ನನ್ನು ನೋಡಿ ಓಣಿಯ ಹೆಂಗಸರು ಮನೆಯಲ್ಲಿ ಜಗಳವಾಗಿರಬೇಕೆಂದು ತಿಳಿದಿದ್ದಾರೆ.

ಇಲಿಗಳ ಕತೆ ಹೇಳಿದರೆ ಇನ್ನೊಂದು ಪ್ರಬಂಧವಾಗುತ್ತದೆ. ನೆಲ್ಲು ತುಂಬಿದ ಮನೆಯಲ್ಲಿ ಇಲಿ ವೈರು ಯಾಕೆ ಕಡಿಯುತ್ತದೋ ಆ ಗಣಪತಿಯೇ ಬಲ್ಲ. ಬಾನೆಟ್ಟಿನೊಳಗೆ ತಂಬಾಕಿನ ಎಲೆ ಕಟ್ಟಿದ್ದೇವೆ. ಇಲಿ ಬಂದಿಲ್ಲ, ಆದರೆ ಅಪ್ಪ ಎರಡು ಸಲ ಬಾನೆಟ್ ತೆರೆಸಿದ್ದಾನೆ.

ಇನ್ನು ಚೀಲದ ಲೆಕ್ಕ. ಒಂದು ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಐವತ್ತು ಎಚ್‌ಪಿಯ ಟ್ರ್ಯಾಕ್ಟರು ಆ ಶಕ್ತಿ ಕೊಡುವುದು ನಿಮಿಷಕ್ಕೆ 2,100 ಸುತ್ತಿನಲ್ಲಿ. ಲೆಕ್ಕ ಹಾಕಿದರೆ ಆಗ ಅದರ ತಿರುಚುಬಲ 170 ನ್ಯೂಟನ್ ಮೀಟರು. ನನ್ನ ಕಾರಿನ ಹಾಳೆ ತೆಗೆದು ನೋಡಿದೆ: ಅದೂ 170ರ ಆಸುಪಾಸು! ಎರಡಕ್ಕೂ ಮೂರೇ ಸಿಲಿಂಡರು. ಅದರದು 2,900 ಸಿಸಿಯ ದೊಡ್ಡ ಎದೆ, ನಿಧಾನ ಉಸಿರು. ನನ್ನದು ಸಾವಿರ ಸಿಸಿಯ ಪುಟ್ಟ ಎದೆ, ಟರ್ಬೊ ಊದಿ ಉಬ್ಬಿಸಿದ್ದು. ತಿರುಚುವ ಬಲ ಒಂದೇ, ನನ್ನದು ಅದನ್ನು ನಿಮಿಷಕ್ಕೆ ಐದಾರು ಸಾವಿರ ಸಲ ಮಾಡಬಲ್ಲದು, ಅಷ್ಟಕ್ಕೇ ನೂರಾ ಇಪ್ಪತ್ತು. ಟ್ರ್ಯಾಕ್ಟರು ಇದ್ದುದನ್ನು ಗೇರಿನಲ್ಲಿ ಹತ್ತಾರು ಪಟ್ಟು ಮಾಡಿ ನಡಿಗೆಯ ವೇಗಕ್ಕೆ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಅಪ್ಪನಿಗೆ ವಿವರಿಸಿದೆ. ಪೂರಾ ಕೇಳಿದ. ‘ಅಂದ್ರ ಇದು ಅವಸರದ ಟ್ರ್ಯಾಕ್ಟರ್’ ಎಂದ.

2025ರ ಆಗಸ್ಟ್. ನಾಟಿ ನಡೆದಿತ್ತು. ಆಳುಗಳಿಗೆ ಬುತ್ತಿ ಒಯ್ಯಲು ಕಾರೇ ಸಾಕೆಂದು ಹೊಲದ ದಾರಿಗೆ ಇಳಿಸಿದೆ. ನೆಲದಿಂದ 190 ಮಿಲಿಮೀಟರ್ ಎತ್ತರವಿದೆಯಲ್ಲ? ಒಂದು ಗೇಣಿಗೆ ಎರಡು ಬೆರಳು ಕಡಿಮೆ ಅಷ್ಟೇ. ಮುಖ ಜೀಪಿನದಾದರೂ ತಿರುಗುವುದು ಮುಂದಿನ ಎರಡೇ ಗಾಲಿ ಎಂಬುದನ್ನು ಎರೆ ಮಣ್ಣು ಇಪ್ಪತ್ತು ಹೆಜ್ಜೆಯೊಳಗೆ ನೆನಪಿಸಿತು. ಒತ್ತಿದಷ್ಟೂ ಹೂತಿತು. ಅಪ್ಪ ಟ್ರ್ಯಾಕ್ಟರ್ ತಂದ. ಟೂಲ್‌ಕಿಟ್ಟಿನ ಕೊಕ್ಕೆಯನ್ನು ನಾನು ಬಂಪರಿಗೆ ತಿರುಗಿಸಿ ಕೂರಿಸಿದೆ. ಸರಪಳಿ ಎತ್ತಿಕೊಂಡೆ. ‘ಅದು ಬ್ಯಾಡ. ಡ್ಯಾಮಿನ ಸರಪಳಿನ ಹರೀತು’ ಎಂದು ಹಗ್ಗ ಎಸೆದ. ಇಳಿಗೇರು ಹಾಕಿದ. ನೂರಾ ಎಪ್ಪತ್ತನ್ನು ನೂರಾ ಎಪ್ಪತ್ತು ಮೆಲ್ಲಗೆ ಎಳೆಯಿತು. ನಾಟಿಯ ಹೆಂಗಸರು ಪದ ನಿಲ್ಲಿಸಿ ನೋಡಿದರು.

ಮರುದಿನ ಎಂಬತ್ತರ ವೇಗದಲ್ಲಿ ಸ್ಟೀರಿಂಗು ಚಳಿಜ್ವರ ಬಂದಂತೆ ನಡುಗಿತು. ಸಸ್ಪೆನ್ಷನ್ನೇ ಹೋಯಿತೆಂದು ಎದೆ ಧಸಕ್ಕೆಂದಿತು. ಗಾಡಿ ತೊಳೆಯುವ ಹುಡುಗ ರಿಮ್ಮಿನ ಒಳಮೈಗೆ ಕಡ್ಡಿ ಹಾಕಿ ಒಣಗಿದ ಎರೆಯ ಹೆಂಟೆಯೊಂದನ್ನು ಕೆರೆದು ತೆಗೆದ. ನಡುಕ ನಿಂತಿತು. ಆಮೇಲೆ ವೈಪರಿನ ಕೆಳಗಿನ ಕರಿ ಜಾಲರಿಯತ್ತ ಬೊಟ್ಟು ಮಾಡಿದ. ಬೇಸಿಗೆಯ ರಾಶಿಯಲ್ಲಿ ಸಿಕ್ಕಿಕೊಂಡಿದ್ದ ನೆಲ್ಲಿನ ಕಾಳು ಮಳೆಗೆ ಮೊಳೆತು, ಗಾಜಿನ ಬುಡದುದ್ದಕ್ಕೂ ನಾಲ್ಕು ಬೆರಳು ಹಸಿರು ನಿಂತಿತ್ತು. ಕೀಳಲು ಕೈ ಹಾಕಿದ್ದೆ.

ಹಿಂದಿನ ಸೀಟಿನಿಂದ ಅಪ್ಪ ಗಾಜು ಇಳಿಸಿ ಕೂಗಿದ: ‘ಇನ್ನ ಹತ್ತು ದಿನ ಬಿಡು. ನಾಟಿಗೆ ಬರ್ತೈತಿ.’