ಕಬ್ಬಿಣದ ನಾಡಿನಲ್ಲಿ ಹಸಿದ ಬೇರು

ಸಂಡೂರಿನ ಬೆಟ್ಟಗಳು ಕಬ್ಬಿಣದ ಭಂಡಾರಗಳೆಂಬುದು ಲೋಕವಿದಿತ. ಇಲ್ಲಿಯ ಉತ್ತಮ ದರ್ಜೆಯ ಹೆಮಟೈಟ್ ಅದಿರಿನಲ್ಲಿ ನೂರಕ್ಕೆ 60 ಪಾಲಿಗೂ ಮಿಗಿಲಾಗಿ ಕಬ್ಬಿಣವಿದೆ. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪು. ಬೇಸಗೆಯಲ್ಲಿ ದಾರಿಯ ಧೂಳು ಕೆಂಪು. ಇಂತಹ ಊರಿನ ಬಾಲಕನೊಬ್ಬನು ಬಳ್ಳಾರಿಯ ಬಯಲಿನಲ್ಲಿರುವ ಸೋದರಮಾವನ ಹೊಲಕ್ಕೆ ಹೋಗಿಬಂದವನು, ಎಲೆ ಹಳದಿಯಾದ ಶೇಂಗಾ ಗಿಡವೊಂದನ್ನು ವಿಜ್ಞಾನದ ಉಪಾಧ್ಯಾಯರ ಮೇಜಿನ ಮೇಲಿರಿಸಿದನು.

“ಗುರುಗಳೇ, ಇದಕ್ಕೆ ಕಬ್ಬಿಣ ಸಾಲದೆಂದು ತಿಳಿದವರು ಹೇಳಿದರು. ಮಾವನ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆ?”

“ಇದೆಯಪ್ಪಾ, ಬೇಕಾದಷ್ಟಿದೆ. ಆದರೆ ಬೇರಿಗೆ ದಕ್ಕುವುದಿಲ್ಲ,” ಎಂದರು ಉಪಾಧ್ಯಾಯರು.

ಸುಣ್ಣದ ಅಂಶ ಹೆಚ್ಚಿದ ಕ್ಷಾರ ಮಣ್ಣಿನಲ್ಲಿ ಕಬ್ಬಿಣವು ನೀರಿನಲ್ಲಿ ಕರಗದ ರೂಪದಲ್ಲಿ ಉಳಿಯುತ್ತದೆ. ಶೇಂಗಾದಂತಹ ಗಿಡದ ಬೇರು ಆಮ್ಲವನ್ನು ಸ್ರವಿಸಿ, ಅದನ್ನು ಕರಗಿಸಿ, ರೂಪ ಬದಲಿಸಿ ಒಳಗೆಳೆದುಕೊಳ್ಳಬೇಕು. ಈ ಕಾರ್ಯಕ್ಕೆ ಬೇಕಾದ ಸಾಧನಗಳ ವಿಧಾನವೆಲ್ಲ ಜೀವಕೋಶದ ಡಿ.ಎನ್.ಎ.ಯಲ್ಲಿ ಬರೆದಿದೆ. ಆದರೆ ಗ್ರಂಥವಿದ್ದ ಮಾತ್ರಕ್ಕೆ ಪಾಠ ನಡೆಯುವುದೆ? ತಕ್ಕ ಪುಟವನ್ನು ಹಿಡಿದು ಓದಿಸುವ ಪ್ರೋಟೀನುಗಳು ಬೇಕು. ಸಾಸಿವೆಯ ಬಂಧುವಾದ ಅರಬಿಡೋಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ‘ಫಿಟ್’ ಎಂಬುದು ಅಂತಹ ಒಂದು ಪ್ರೋಟೀನು. ಅದನ್ನು ಹೇರಳವಾಗಿ ಉತ್ಪಾದಿಸಿದರೂ ಅದೊಂದರಿಂದಲೇ ಈ ಕಾರ್ಯ ಸದಾ ಜಾಗೃತವಾಗಿರುವುದಿಲ್ಲ, ‘ಬಿ.ಎಚ್.ಎಲ್.ಎಚ್. 38’ ಅಥವಾ ‘39’ ಎಂಬ ಸಂಗಾತಿಯು ಜೊತೆಗೂಡಿದಾಗಲೇ ಅದು ಸಿದ್ಧಿಸುವುದೆಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಇದಕ್ಕೆ ಪ್ರತಿಯಾಗಿ ‘ಡೆಲ್ಲಾ’ ಎಂಬ ಪ್ರೋಟೀನುಗಳು ಇವನ್ನೇ ಅಪ್ಪಿಕೊಂಡು, ಡಿ.ಎನ್.ಎ.ಯನ್ನು ಹಿಡಿಯದಂತೆ ತಡೆಯುತ್ತವೆ. ಕಬ್ಬಿಣ ಮಿತಿಮೀರಿದರೆ ಜೀವಕೋಶಕ್ಕೆ ವಿಷ. ಆದ್ದರಿಂದ ಪ್ರೇರಣೆಯಂತೆ ನಿಗ್ರಹವೂ ಅವಶ್ಯ.

ಬಾಲಕನ ಮುಖದಲ್ಲಿ ಸಂದೇಹವನ್ನು ಕಂಡ ಉಪಾಧ್ಯಾಯರು ಕನ್ನಡ ತರಗತಿಯ ಪಾಠವನ್ನೇ ನೆನಪಿಸಿದರು. “‘ಹಾರ’ ಎಂಬ ಒಂದೇ ಪದಕ್ಕೆ ‘ಆ’ ಸೇರಿದರೆ ಆಹಾರ, ‘ಸಂ’ ಸೇರಿದರೆ ಸಂಹಾರ, ‘ಪರಿ’ ಸೇರಿದರೆ ಪರಿಹಾರ. ಪದ ಅದೇ, ಜೊತೆಗೂಡಿದ ಉಪಸರ್ಗದಿಂದ ಅರ್ಥ ಬೇರೆ. ಪ್ರೋಟೀನಿನ ನಡತೆಯೂ ಹೀಗೆಯೇ ಎಂದು ತಿಳಿ.”

ಈ ವ್ಯಾಕರಣವು ಒಂದೇ ಸಸ್ಯಕ್ಕೆ ಸೀಮಿತವಲ್ಲ. ಟೊಮೇಟೊ ಗಿಡದಲ್ಲಿ ಫಿಟ್‌ನ ಸ್ಥಾನದಲ್ಲಿ ‘ಫರ್’ ಎಂಬುದಿದೆ. ಅದು 2002ರಲ್ಲಿಯೇ ಬೆಳಕಿಗೆ ಬಂದಿತು. ಬತ್ತವು ಹುಲ್ಲಿನ ಜಾತಿಯದು. ಅದು ಕಬ್ಬಿಣವನ್ನು ಹಿಡಿದು ತರುವ ವಸ್ತುವೊಂದನ್ನು ಬೇರಿನಿಂದ ಹೊರಗೆ ಕಳುಹಿಸುತ್ತದೆ. ಉಪಾಯ ಬೇರೆಯಾದರೂ ಸಾಂಗತ್ಯದ ನಿಯಮ ತಪ್ಪಿಲ್ಲ: ಅಲ್ಲಿಯ ‘ಐ.ಆರ್.ಓ. 2’ ಎಂಬ ಪ್ರೋಟೀನು ‘ಬಿ.ಎಚ್.ಎಲ್.ಎಚ್. 156’ರ ನೆರವಿಲ್ಲದೆ ಜೀವಕೋಶದ ಕೇಂದ್ರದಲ್ಲಿ ನೆಲೆಗೊಳ್ಳಲಾರದೆಂದು 2020ರ ಹೊತ್ತಿಗೆ ತಿಳಿದುಬಂದಿತು.

“ಹಾಗಾದರೆ ಮಾವನ ಗಿಡ ಏಕೆ ಸೋತಿತು, ಗುರುಗಳೇ?”

“ಬೇರು ಸುರಿಸಿದ ಆಮ್ಲವನ್ನು ಆ ಸುಣ್ಣವು ಶಮನಗೊಳಿಸುತ್ತದೆ. ಗಿಡ ಯತ್ನಿಸಲಿಲ್ಲವೆನ್ನಬೇಡ, ಯತ್ನ ಫಲಿಸಲಿಲ್ಲ.”

ಅನ್ನಭೇದಿಯ ತೆಳುವಾದ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸುವುದು ಸದ್ಯದ ಪರಿಹಾರ. ಒಂದೇ ಬೆಳೆಯ ತಳಿತಳಿಗಳಲ್ಲಿ ಈ ಕೊರತೆಯನ್ನು ತಾಳುವ ಶಕ್ತಿ ಭಿನ್ನವಾಗಿರುತ್ತದೆ. ಬೇರಿನೊಳಗಿನ ಈ ಒಡನಾಟವನ್ನು ಚೆನ್ನಾಗಿ ಅರಿತಷ್ಟೂ ತಕ್ಕ ತಳಿಯನ್ನು ಆರಿಸುವವರ ಕೈ ಬಲವಾಗುವುದು. ಒಂದು ಬೆಳೆ ಹೋದರೆ ಒಂದು ವರ್ಷದ ಬದುಕೇ ಹೋಗುವ ರೈತನಿಗೆ ಇದು ಪುಸ್ತಕದ ಮಾತಲ್ಲ.

ಬಾಲಕನು ಗಿಡವನ್ನು ಮೆಲ್ಲನೆ ಎತ್ತಿಕೊಂಡು, ಬೇರಿಗಂಟಿದ ಕಪ್ಪು ಮಣ್ಣನ್ನು ಬಹಳ ಹೊತ್ತು ನೋಡಿದನು. ಕಿಟಕಿಯಾಚೆ ಕೆಂಪು ಬೆಟ್ಟವಿತ್ತು. ಸಂಪತ್ತು ಹತ್ತಿರವಿರುವುದು ಬೇರೆ, ಅದು ದಕ್ಕುವುದು ಬೇರೆ ಎಂಬುದನ್ನು ಅವನಿಗೆ ಮತ್ತೆ ಹೇಳಬೇಕಾಗಿರಲಿಲ್ಲ.