ಪಿ-ಸಂಖ್ಯೆಯ ದಿನಗಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನಗೆ, ಯಾವ ಬರಹವನ್ನು ಕಂಡರೂ ಮನಸ್ಸಿನಲ್ಲಿಯೇ ಕೆಂಪು ಶಾಯಿಯ ಪೆನ್ನು ಹಿಡಿಯುವ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿಲ್ಲ. 2020ರಲ್ಲಿ ಕೊರೊನಾ ಬಂದಾಗ ನಾನು ಮೊದಲು ಗಮನಿಸಿದ್ದು ರೋಗವನ್ನಲ್ಲ, ಅದರೊಡನೆ ಬಂದ ಪದಗಳನ್ನು. ಜ್ವರ ಬಂದು ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದವರು ‘ಶಂಕಿತ’ರಾದರು. ಕಳ್ಳತನದ ವರದಿಯಲ್ಲಿ ಓದುತ್ತಿದ್ದ ಪದ ಅದು. ಮೂರಡಿ ದೂರ ನಿಲ್ಲಿ ಎನ್ನುವುದಕ್ಕೆ ‘ಸಾಮಾಜಿಕ ಅಂತರ’ ಎಂದರು. ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷದ ಮಾರ್ಚ್‌ನಲ್ಲಿಯೇ ಆ ಮಾತನ್ನು ಬಿಟ್ಟು ‘ದೈಹಿಕ ಅಂತರ’ ಎನ್ನತೊಡಗಿತು. ನಮ್ಮ ಭಿತ್ತಿಪತ್ರಗಳಲ್ಲಿ ಮಾತ್ರ ಹಳೆಯದೇ ಉಳಿಯಿತು. ಒಂದೇ ಊರಿನಲ್ಲಿ ಎರಡು ಬಾವಿಗಳನ್ನು ಕಂಡು ಬೆಳೆದ ನನ್ನಂಥವರಿಗೆ ಸಾಮಾಜಿಕ ಅಂತರವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಮಾತನಾಡಿದರು. ನಡುರಾತ್ರಿಯಿಂದ ದೇಶಕ್ಕೆ ದೇಶವೇ ಮುಚ್ಚಿತು. ನಡುವೆ ದೊರೆತದ್ದು ನಾಲ್ಕು ಗಂಟೆ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಎಚ್ಚರಿಕೆಯ ಮಾತು. ನನ್ನ ಶ್ರೀಮತಿ ಬೆಂಗಳೂರಿನ ಮಗಳಿಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದಳು. “ಆ ಕೆಮ್ಮು ಕೇಳಿದರೆ ಎದೆ ಹೊಡ್ಕೊಳ್ಳತ್ತೆ ರೀ, ಅವಳೇ ಕೆಮ್ಮಿದ ಹಾಗಾಗತ್ತೆ” ಎನ್ನುತ್ತಿದ್ದಳು. ನಾನು ನಕ್ಕಿದ್ದೆ. ನಗಬಾರದಾಗಿತ್ತು.

ಈಗ ನನ್ನದೇ ವಿಷಯಕ್ಕೆ ಬರುತ್ತೇನೆ. ಆ ದಿನಗಳಲ್ಲಿ ರಾಜ್ಯದ ಆರೋಗ್ಯ ಪ್ರಕಟಣೆ ಮಧ್ಯಾಹ್ನಕ್ಕೊಂದು, ಸಂಜೆಗೊಂದು ಬರುತ್ತಿತ್ತು. ಹೆಸರಿರುತ್ತಿರಲಿಲ್ಲ. ‘ಪಿ’ ಎಂಬ ಅಕ್ಷರ, ಮುಂದೊಂದು ಸಂಖ್ಯೆ, ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಂದ ಬಂದವರು, ಯಾವ ಪಿ-ಸಂಖ್ಯೆಯವರ ಸಂಪರ್ಕ. ಹಾಸನ ಜಿಲ್ಲೆಯ ನಮ್ಮ ಭಾಗದಲ್ಲಿ ಮೇ ಎರಡನೆಯ ವಾರದವರೆಗೂ ಸೋಂಕು ಇರಲಿಲ್ಲ. ಮುಂಬೈಗೆ ಹೊಟ್ಟೆಪಾಡಿಗೆ ಹೋಗಿದ್ದವರು ಮರಳತೊಡಗಿದ ಮೇಲೆ ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಂಡಿತು. ನಾನು ಸಂಜೆ ಜಗಲಿಯ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು, ಮೊಬೈಲಿನಿಂದ ಆ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೇಳಲು ನಾಲ್ಕೈದು ಮಂದಿ ಸೇರುತ್ತಿದ್ದರು. ಮೇಷ್ಟ್ರು ಓದಿದರೆಂದರೆ ಅದಕ್ಕೊಂದು ತೂಕ! ಸಂಖ್ಯೆಗಳನ್ನು ಡೈರಿಯಲ್ಲಿಯೂ ಬರೆದಿಡುತ್ತಿದ್ದೆ.

ಒಂದು ಸಂಜೆ ಪಟ್ಟಿಯಲ್ಲಿ ಮುಂಬೈನಿಂದ ಬಂದ 34 ವರ್ಷದ ಪುರುಷನಿದ್ದ. ಮುಂದಿನ ಸಾಲುಗಳಲ್ಲಿ 29 ವರ್ಷದ ಮಹಿಳೆ, 5 ವರ್ಷದ ಮಗು. ಪದಬಂಧ ಬಿಡಿಸಿದವನ ಉತ್ಸಾಹದಲ್ಲಿ ನಾನು ಹೇಳಿಬಿಟ್ಟೆ: “ಇವನು ನಮ್ಮ ಹಿಂದಿನ ಬೀದಿಯ ಹುಡುಗನೇ ಇರಬೇಕು. ನನ್ನ ಶಿಷ್ಯ.” ಊಹೆ ಸರಿಯಾಗಿಯೇ ಇತ್ತು.

ಆ ಹುಡುಗ, ಹೆಂಡತಿ, ಮಗು ಆಗ ಊರಿಗೆ ಕಾಲಿಟ್ಟೇ ಇರಲಿಲ್ಲ. ತಾಲ್ಲೂಕು ಕೇಂದ್ರದ ಹಾಸ್ಟೆಲೊಂದರ ಕ್ವಾರಂಟೈನಿನಿಂದ ನೇರವಾಗಿ ಆಸ್ಪತ್ರೆಗೆ ಹೋಗಿದ್ದರು. ಊರಿನಲ್ಲಿದ್ದವಳು ತಾಯಿಯೊಬ್ಬಳೇ, ಅವಳು ಮಗನ ಮುಖ ನೋಡಿ ಎರಡು ವರ್ಷವಾಗಿತ್ತು. ಆದರೂ ಮರುದಿನದಿಂದ ಅವಳ ಹಸುವಿನ ಹಾಲನ್ನು ಯಾರೂ ಕೊಳ್ಳಲಿಲ್ಲ. ಅಂಗಡಿಯವನು ಸಾಮಾನನ್ನು ರಸ್ತೆಯ ಮೇಲಿಟ್ಟು ದೂರ ಸರಿಯುತ್ತಿದ್ದ. ಮಗ ಗುಣವಾಗಿ ಬಂದ ಮೇಲೆ ಬಾಗಿಲಿಗೆ ಕ್ವಾರಂಟೈನಿನ ಚೀಟಿ ಅಂಟಿಸಿದರು, ಅದರ ಅವಧಿ ಮುಗಿದ ಮೇಲೂ ಯಾರೂ ಬಂದು ತೆಗೆಯಲಿಲ್ಲ. ತಾವೇ ಕಿತ್ತರೆ ಕೇಸಾದೀತೆಂಬ ಹೆದರಿಕೆಗೆ ಆ ಮನೆಯವರು ಮಳೆಗಾಲವಿಡೀ ಅದನ್ನು ಹಾಗೆಯೇ ಬಿಟ್ಟಿದ್ದರು. ಇಂಥ ಚೀಟಿಗಳನ್ನು ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಹೋರಾಟ ರೋಗದ ವಿರುದ್ಧ, ರೋಗಿಯ ವಿರುದ್ಧವಲ್ಲ ಎಂದು ಫೋನಿನ ದನಿ ದಿನಕ್ಕೆ ಹತ್ತು ಸಲ ಹೇಳುತ್ತಲೇ ಇತ್ತು. ಕಿವಿಗೆ ಅದು, ಕಣ್ಣಿಗೆ ಬಾಗಿಲ ಮೇಲಿನ ಚೀಟಿ. ಜನ ಕಣ್ಣನ್ನು ನಂಬಿದರು.

ಸರ್ಕಾರ ಏನನ್ನೂ ಹೇಳಬಾರದಿತ್ತೇ ಎಂದು ಕೇಳುವವರಿದ್ದಾರೆ. ಖಂಡಿತ ಹೇಳಬೇಕಿತ್ತು. ಮುಚ್ಚಿಟ್ಟ ಸುದ್ದಿಗಿಂತ ಹೆಚ್ಚು ನಿದ್ದೆಗೆಡಿಸುವುದು ಬೇರೊಂದಿಲ್ಲ. ಪಕ್ಕದ ಕೇರಳದಲ್ಲಿ ಮುಖ್ಯಮಂತ್ರಿಗಳು ಸಂಜೆ ತಾವೇ ಕುಳಿತು, ಇಂದು ಇಷ್ಟು ಮಂದಿ, ನಾಳೆ ಇದನ್ನು ಮಾಡುತ್ತೇವೆ ಎಂದು ವಿವರಿಸುತ್ತಿದ್ದುದನ್ನು ನಾನೂ ನೋಡುತ್ತಿದ್ದೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗಿನ ಅನುಭವ ಅವರಿಗಿತ್ತು. ಅಲ್ಲಿಯೂ ಮುಂದೆ ಸೋಂಕು ಏರಿತು, ಸಾವುಗಳಾದವು. ಮಾತಿನಿಂದ ರೋಗ ನಿಲ್ಲುವುದಿಲ್ಲ. ಆದರೆ ಸಂಖ್ಯೆಯ ಜೊತೆಗೆ ಮುಂದಿನ ದಾರಿಯನ್ನೂ ಹೇಳುವ ಒಂದು ಪರಿಚಿತ ಮುಖವಿದ್ದರೆ ಮನಸ್ಸು ಅಷ್ಟು ಅಲೆಯುವುದಿಲ್ಲ. ನಮ್ಮಲ್ಲಿ ಸಂಖ್ಯೆಯಿತ್ತು, ದಾರಿ ಹೇಳುವ ಕೆಲಸವನ್ನು ಟಿವಿ ವಾಹಿನಿಗಳು ‘ಅಟ್ಟಹಾಸ’, ‘ರಣಕೇಕೆ’ಗಳಿಂದ ತುಂಬಿದವು. ಆಪ್ತಮಿತ್ರ ಸಹಾಯವಾಣಿಯಿತ್ತು, ನಿಮ್ಹಾನ್ಸ್‌ನವರು ಮನಸ್ಸಿನ ತೊಳಲಾಟಕ್ಕೇ ಒಂದು ಸಹಾಯವಾಣಿ ತೆರೆದಿದ್ದರು. ನಮ್ಮ ಬೀದಿಯಲ್ಲಿ ಅದು ಎಷ್ಟು ಮಂದಿಗೆ ಗೊತ್ತಿತ್ತು? ನನಗೇ ಗೊತ್ತಿರಲಿಲ್ಲ.

2021ರ ಎರಡನೆಯ ಅಲೆಯಲ್ಲಿ ಭಯ ಬೇರೆ ಬಗೆಯದಾಯಿತು. ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆದ ದುರಂತದ ನಂತರ, ಆಮ್ಲಜನಕವಿಲ್ಲದೆ ಸತ್ತವರೆಷ್ಟು ಎಂಬುದರಲ್ಲಿಯೇ ಸರ್ಕಾರದ ಮಾತಿಗೂ ಹೈಕೋರ್ಟ್ ನೇಮಿಸಿದ ಸಮಿತಿಯ ವರದಿಗೂ ಹೊಂದಿಕೆಯಿರಲಿಲ್ಲ. ಯಾರ ಮಾತನ್ನು ನಂಬುವುದೆಂದು ತಿಳಿಯದೆ ಜನ ಮನೆಯೊಳಗೇ ಉಳಿದರು.

ಆ ತಾಯಿಗೆ ಜ್ವರ ಬಂದದ್ದು ಆಗಲೇ. ಸೊಸೆಯ ಹತ್ತಿರವೂ ಹೇಳಲಿಲ್ಲವಂತೆ. ಬಿಸಿಲಿಗೆ ಮೈ ಬಿಸಿಯಾಗಿದೆ ಎನ್ನುತ್ತ ಹಸುವಿನ ಕೆಲಸ ಮಾಡಿಕೊಂಡೇ ಇದ್ದಳು. ಏಳನೆಯ ದಿನ ಉಸಿರಾಟ ಕಷ್ಟವಾದಾಗ ಆಸ್ಪತ್ರೆಗೆ ಕರೆದೊಯ್ದರು. ಒಂಬತ್ತನೆಯ ದಿನ ತೀರಿಕೊಂಡಳು. ಬೇಗ ಹೋಗಿದ್ದರೆ ಉಳಿಯುತ್ತಿದ್ದಳೇ, ಹೇಳಲಾರೆ.

ತಿಂಗಳು ಕಳೆದ ಮೇಲೆ ಹುಡುಗನನ್ನು ನೋಡಲು ಹೋದೆ. ಕುರ್ಚಿ ಹಾಕಿ, ತಾನು ಮೆಟ್ಟಿಲ ಮೇಲೆ ಕುಳಿತ. “ಅವ್ವಂಗೆ ಜ್ವರದ ಭಯ ಇರ್ಲಿಲ್ಲ ಸಾರ್. ಮತ್ತೆ ಬಾಗ್ಲಿಗೆ ಚೀಟಿ ಹಚ್ತಾರೆ ಅನ್ನೋದೇ ಭಯ. ರಾತ್ರಿಯೆಲ್ಲ ಎದ್ದು ಬಾಗ್ಲು ನೋಡ್ತಿದ್ರು” ಎಂದ. ಆಮೇಲೆ ತಲೆ ತಗ್ಗಿಸಿಕೊಂಡು, “ಪೇಪರ್ನಾಗೆ ನಮ್ಮ ಹೆಸರು ಇರ್ಲಿಲ್ಲವಲ್ಲ ಸಾರ್, ಊರಿಗೆ ಹೆಂಗೆ ಗೊತ್ತಾಯ್ತೋ” ಎಂದು ಕೇಳಿದ.

ಅವನಿಗೆ ಗೊತ್ತಿದ್ದೇ ಕೇಳಿದನೋ, ಗೊತ್ತಿಲ್ಲದೆ ಕೇಳಿದನೋ ಇಂದಿಗೂ ನನಗೆ ತಿಳಿದಿಲ್ಲ. “ನಾನೇ ಕಣಪ್ಪಾ ಹೇಳಿದ್ದು” ಎಂದೆ. ಅವನು ಸುಮ್ಮನೆ ಕುಳಿತಿದ್ದ. ಒಳಗಿನಿಂದ ಮಗು ಬಂದು ಅವನ ಬೆನ್ನಿಗೆ ಒರಗಿತು. ಸ್ವಲ್ಪ ಹೊತ್ತಿನ ಮೇಲೆ, “ಕಾಫಿ ಕುಡೀರಿ ಸಾರ್” ಎಂದು ಎದ್ದುಹೋದ. ಬಾಗಿಲ ಮೇಲೆ ಅಂಟಿನ ಗುರುತು ಚೌಕಾಕಾರದಲ್ಲಿ ಹಾಗೆಯೇ ಇತ್ತು.