ಪರೀಕ್ಷೆ ಬೇಡ, ಭಾಷೆ ಬೇಕು

ಜರ್ಮನಿಗೆ ಬ್ಲೂ ಕಾರ್ಡ್ (ನುರಿತ ಕೆಲಸಗಾರರ ಪರವಾನಗಿ) ಮೇಲೆ ಬರುವವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಕೆಲಸ ಮಾಡುವ ಹಕ್ಕೂ ಇದೆ. ಕಾಗದದ ಮೇಲೆ ಎಲ್ಲ ಸಲೀಸು. ಐಟಿ ಆಫೀಸಿಗೆ ಹೋಗುವವರ ದಿನ ಇಂಗ್ಲಿಷಿನಲ್ಲೇ ಕಳೆಯುತ್ತೆ. ಆದರೆ ಮನೆಯಲ್ಲಿರೋರ ಕೈಗೆ ಬರೋದು ಬಾಡಿಗೆ ಕರಾರು, ವಿಮೆ ಪತ್ರ, ಮಗುವಿನ ಕಿಂಡರ್‌ಗಾರ್ಟನ್ ಚೀಟಿ. ಎಲ್ಲವೂ ಜರ್ಮನ್! ಭಾನುವಾರ ಅಂಗಡಿ ಇಲ್ಲ ಅಂತ ಶನಿವಾರವೇ ಹಾಲು ತರೋದು, ಖಾಲಿ ಪ್ಲಾಸ್ಟಿಕ್ ಬಾಟಲಿ ಮಷಿನ್‌ಗೆ ಹಾಕಿ 25 ಸೆಂಟ್ ಠೇವಣಿ ವಾಪಸ್ ಪಡೆಯೋದು ಬೇಗ ರೂಢಿಯಾಗುತ್ತೆ. ಆದರೆ ಮೆಟ್ಟಿಲಲ್ಲಿ ಸಿಗುವ ಪಕ್ಕದ ಮನೆ ಅಜ್ಜಿಗೆ ಬರೀ ನಗು ಎಷ್ಟು ದಿನ ಕೊಡ್ತೀರಿ? ಹೊರಡುವವರೇ, ಊರಲ್ಲಿರುವಾಗಲೇ ಜರ್ಮನ್ ಕಲಿಕೆಯ ಮೊದಲ ಹಂತ ಎ1 ಮುಗಿಸಿಕೊಳ್ಳಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ಕಲಿಸ್ತಾರೆ.